ಬೆಕ್ಕಿನ ಮರಿಗಳ ಸಾವಿಗೆ ರಕ್ತದ ಗುಂಪೂ ಕಾರಣ

ಜಮಖಂಡಿ, ಮುಧೋಳ, ಬೀಳಗಿ ಸೀಮೆಯಿಂದ ಬೇಟೆನಾಯಿಯ ಮರಿ ತರುವವರು ಅದರ ತಂದೆ ತಾಯಿಗಳನ್ನು ವಿಚಾರಿಸದೆ ಹಣ ಕೊಡುವುದಿಲ್ಲ. ಮುಧೋಳದ ಬಳಿ ತಿಮ್ಮಾಪುರದಲ್ಲಿ ಈ ತಳಿಗಾಗಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರವೇ ಇದೆ. ಆದರೆ ನಮ್ಮ ಅಡಿಕೆ ಉಗ್ರಾಣದಲ್ಲಿ ಇಲಿ ಹಿಡಿಯುವ ಬೆಕ್ಕಿನ ವಂಶವನ್ನು ಕೇಳುವವರಿಲ್ಲ. ಕೆಲವೊಮ್ಮೆ ಆ ವಂಶವೇ ಮರಿಗಳ ಪ್ರಾಣಕ್ಕೆ ಸಂಚಕಾರ ತರುತ್ತದೆ.

ಬೆಕ್ಕುಗಳಲ್ಲಿ ಎ, ಬಿ ಮತ್ತು ಅಪರೂಪದ ಎಬಿ ಎಂಬ ಮೂರು ಮುಖ್ಯ ರಕ್ತದ ಗುಂಪುಗಳಿವೆ. ಹೆಸರು ಒಂದೇ ಆದರೂ ಮನುಷ್ಯರ ಗುಂಪುಗಳೇ ಬೇರೆ, ಇವೇ ಬೇರೆ. ಮರಿಗೆ ತಾಯಿಯಿಂದ ಒಂದು, ತಂದೆಯಿಂದ ಒಂದು ವಂಶವಾಹಿ ಬರುತ್ತದೆ. ಎ ಪ್ರಬಲ, ಬಿ ದುರ್ಬಲ. ಒಂದು ಎ ಇದ್ದರೆ ಸಾಕು, ಮರಿ ಎ ಗುಂಪಿನದಾಗುತ್ತದೆ. ಎರಡೂ ಬಿ ಆದರೆ ಮಾತ್ರ ಬಿ ಗುಂಪು. ಎಬಿ ಗುಂಪು ಮೂರನೆಯ ಒಂದು ವಂಶವಾಹಿಯ ಫಲ.

ಬಿ ಗುಂಪಿನ ತಾಯಿಯ ರಕ್ತದಲ್ಲಿ ಎ ಕಣಗಳನ್ನು ನಾಶಮಾಡುವ ಪ್ರಬಲ ಪ್ರತಿಕಾಯಗಳು ಸಹಜವಾಗಿಯೇ ಇರುತ್ತವೆ. ಗಂಡು ಎ ಗುಂಪಿನದಾದರೆ ಮರಿಗಳಲ್ಲಿ ಹಲವು, ಕೆಲವೊಮ್ಮೆ ಎಲ್ಲವೂ, ಎ ಆಗುತ್ತವೆ. ಹುಟ್ಟುವಾಗ ಅವು ಗಟ್ಟಿಯಾಗಿಯೇ ಇರುತ್ತವೆ. ಗಿಣ್ಣುಹಾಲು ಕುಡಿದ ಮೇಲೆ ಆ ಪ್ರತಿಕಾಯಗಳು ಕರುಳಿನಿಂದ ರಕ್ತಕ್ಕೆ ಸೇರಿ ಕೆಂಪುಕಣಗಳನ್ನು ಒಡೆಯುತ್ತವೆ. ಮರಿ ಹಾಲು ಬಿಡುತ್ತದೆ, ಮೂತ್ರ ಕೆಂಪಾಗುತ್ತದೆ, ಮೈ ಹಳದಿಯಾಗುತ್ತದೆ; ಕೆಲವೇ ದಿನಗಳಲ್ಲಿ ಸಾಯಬಹುದು. ಬದುಕಿದ ಮರಿಯ ಬಾಲದ ತುದಿ ಕೊಳೆತು ಬೀಳುವುದುಂಟು. ಮನುಷ್ಯರ ಆರ್‌ಎಚ್ ತೊಂದರೆಯಲ್ಲಿ ಸಾಮಾನ್ಯವಾಗಿ ಚೊಚ್ಚಲ ಮಗು ಪಾರಾಗುತ್ತದೆ; ಬೆಕ್ಕಿನಲ್ಲಿ ಮೊದಲ ಸೂಲಿಗೇ ಅಪಾಯ.

ನಾಟಿ ಬೆಕ್ಕುಗಳಲ್ಲಿ ಹೆಚ್ಚಿನವು ಎ ಗುಂಪಿನವು. ಬ್ರಿಟಿಷ್ ಶಾರ್ಟ್‌ಹೇರ್, ಡೆವನ್ ರೆಕ್ಸ್‌ನಂಥ ವಿದೇಶಿ ತಳಿಗಳಲ್ಲಿ ಬಿ ಹೆಚ್ಚು. ಅಂಥ ಹೆಣ್ಣು ಬೆಕ್ಕನ್ನು ಸಾಕುವವರು ಗುಂಪು ಪರೀಕ್ಷೆ ಮಾಡಿಸಿ, ಬಿ ಆದರೆ ಬಿ ಗಂಡನ್ನೇ ಕೂಡಿಸಬೇಕು. ತಪ್ಪಿ ಎ ಗಂಡು ಕೂಡಿದ್ದರೆ ಹುಟ್ಟಿದ ಮೊದಲ 24 ಗಂಟೆ ಮರಿಗಳಿಗೆ ತಾಯಿಹಾಲು ಬಿಡದೆ, ವೈದ್ಯರು ಹೇಳಿದ ಬದಲಿ ಹಾಲು ಕುಡಿಸಬೇಕು. ಆಮೇಲೆ ಕರುಳು ಪ್ರತಿಕಾಯಗಳನ್ನು ಹೀರುವುದಿಲ್ಲವಾದ್ದರಿಂದ ತಾಯಿಯ ಬಳಿ ಬಿಡಬಹುದು.

ಇನ್ನೊಂದು ಎಚ್ಚರಿಕೆ: ನಾಯಿಗೆ ಮೊದಲ ಬಾರಿ ಪರರಕ್ತ ಕೊಟ್ಟಾಗ ಸಾಮಾನ್ಯವಾಗಿ ದೊಡ್ಡ ತೊಂದರೆಯಾಗದು. ಬೆಕ್ಕಿಗೆ ಹಾಗಲ್ಲ. ಬಿ ಬೆಕ್ಕಿಗೆ ಎ ರಕ್ತ ತುಸು ಸೇರಿದರೂ ಪ್ರಾಣಾಪಾಯ. ಪರೀಕ್ಷೆಯಿಲ್ಲದೆ ರಕ್ತ ಕೊಡಿಸಬಾರದು.

ಮರಿ ಸಾಯಲು ಚಳಿ, ಸೋಂಕು ಮುಂತಾದ ಕಾರಣಗಳೂ ಉಂಟು. ಆದರೆ ಗಟ್ಟಿಯಾಗಿ ಹುಟ್ಟಿದ ಮರಿಗಳು ಸೂಲು ಸೂಲಿಗೂ ಹೀಗೆ ಸತ್ತರೆ ದೃಷ್ಟಿದೋಷವೆಂದು ಸುಮ್ಮನಿರದೆ ಪಶುವೈದ್ಯರಿಗೆ ತಿಳಿಸುವುದು ಒಳ್ಳೆಯದು.