ತೊಲೆ ಸೀಳುವ ಗರಗಸ

ಕೈಯಲ್ಲಿ ಹಿಡಿದು ನಡೆಸುವ ವಿದ್ಯುತ್ ಚಕ್ರಗರಗಸವನ್ನು ಕೊಳ್ಳಹೊರಟವರು ಮೊದಲು ವಿಚಾರಿಸುವುದು ಮೋಟಾರಿನ ಬಲವನ್ನು. ದಪ್ಪ ತೊಲೆಯನ್ನು ಉದ್ದಕ್ಕೆ ಸೀಳಬೇಕಾದವರು ಅದಕ್ಕೂ ಮುನ್ನ ಆಳದ ಲೆಕ್ಕ ಹಾಕಬೇಕು. 7¼ ಅಂಗುಲದ ಅಲಗು ಮರದೊಳಕ್ಕೆ ಇಳಿಯುವುದು ಸುಮಾರು 2½ ಅಂಗುಲ ಮಾತ್ರ. 3 ಅಂಗುಲದ ಬಾಗಿಲುವಾಡದ ಮರಕ್ಕೆ 9¼ ಅಂಗುಲದ್ದೇ ಆಗಬೇಕು. ಹಲ್ಲುಗಳು 24ರಷ್ಟಿದ್ದು, ನಡುವಣ ಸಂದು ಆಳವಾಗಿದ್ದರೆ ಹೊಟ್ಟು ಸಲೀಸಾಗಿ ಹೊರಬೀಳುತ್ತದೆ. ಹಲ್ಲು ಒತ್ತಾದರೆ ಅಲಗು ಕಾದು ಮರ ಸೀಯುತ್ತದೆ.

ಇವೆಲ್ಲಕ್ಕೂ ಮಿಗಿಲಾದುದು ಅಲಗಿನ ಬೆನ್ನಿಗೆ ನಿಲ್ಲುವ ತೆಳು ಉಕ್ಕಿನ ತಗಡು. ಸೀಳಿದ ಮರ ಮತ್ತೆ ಕೂಡಿಕೊಂಡು ಅಲಗನ್ನು ಕಚ್ಚಿತೆಂದರೆ, ಯಂತ್ರವು ಹಿಡಿದವನ ಕಡೆಗೇ ಚಿಮ್ಮುತ್ತದೆ. ಇಬ್ಬರು ಕೂಡಿ ಗರಗಸವೆಳೆಯುತ್ತಿದ್ದ ಕಾಲದಲ್ಲಿ ಸೀಳಿಗೆ ಬೆಣೆ ಹೊಡೆಯುತ್ತಿದ್ದುದೂ ಮರ ಹೀಗೆ ಕೂಡಿಕೊಳ್ಳದಿರಲೆಂದೇ. ತಗಡಿಲ್ಲದ ಯಂತ್ರವನ್ನು ಕೊಂಡವರು, ನಡುನಡುವೆ ಅದನ್ನು ನಿಲ್ಲಿಸಿ, ಸೀಳಿಗೆ ಬೆಣೆಯಿಟ್ಟೇ ಮುಂದುವರಿಯಬೇಕು.