ನೇರದಾರಿಯ ಗಾಡಿಗೆ ಕ್ರೂಸ್ ಕಂಟ್ರೋಲ್

ಆಸ್ಟ್ರೇಲಿಯದ ದಕ್ಷಿಣ ಭಾಗದಲ್ಲಿ ನಾರ್ಸ್‌ಮನ್ನಿನಿಂದ ಪೋರ್ಟ್ ಆಗಸ್ಟಾದವರೆಗೆ 1,600 ಕಿಲೋಮೀಟರಿಗೂ ಮಿಕ್ಕು ಹಬ್ಬಿರುವ ಐರ್ ಹೆದ್ದಾರಿಯಲ್ಲಿ, ಬಾಲಡೋನಿಯ ಮತ್ತು ಕೈಗುನ ಎಂಬೆರಡು ತಂಗುದಾಣಗಳ ನಡುವೆ, 146 ಕಿಲೋಮೀಟರಿಗೂ ಹೆಚ್ಚು ದೂರ ಒಂದಾದರೂ ತಿರುವಿಲ್ಲದೆ ಸಾಗುವ ಭಾಗವಿದೆ. ಅಲ್ಲಿ ಚಾಲಕನ ಕೈಗಳಿಗೆ ಕೆಲಸ ಅತ್ಯಲ್ಪ. ಬಲಗಾಲಿಗೆ ಮಾತ್ರ ಬಿಡುವೆಂಬುದಿಲ್ಲ. ಒಳನಾಡಿನ ಗಣಿಗಾರರಿಗೂ ಪಶುಪಾಲಕರಿಗೂ ಅಚ್ಚುಮೆಚ್ಚಾದ ಟೊಯೋಟಾ ಲ್ಯಾಂಡ್ ಕ್ರೂಸರಿನ ಎಪ್ಪತ್ತರ ಶ್ರೇಣಿ 1984ರಲ್ಲಿ ಜನಿಸಿತಾದರೂ, ಆ ದೇಶದಲ್ಲಿ ಅದಕ್ಕೆ, ಕಾಲಿನ ನೆರವಿಲ್ಲದೆ ವೇಗವನ್ನು ಒಂದೇ ಸಮನೆ ಕಾಯುವ ಕ್ರೂಸ್ ಕಂಟ್ರೋಲ್ ಕಾರ್ಖಾನೆಯಿಂದಲೇ ದೊರೆತುದು 2016ರ ಸುಮಾರಿಗೆ. ಆದಕಾರಣ ಹಳೆಯ ಗಾಡಿಯನ್ನು ಬಿಡಲೊಲ್ಲದವರು ಆ ಸಾಧನವನ್ನು ಪ್ರತ್ಯೇಕವಾಗಿ ಕೊಂಡು ಜೋಡಿಸಿಕೊಳ್ಳುತ್ತ ಬಂದಿದ್ದಾರೆ.

ಈ ಸಾಧನದ ಮೂಲಪುರುಷ ಅಮೆರಿಕದ ರಾಲ್ಫ್ ಟೀಟರ್, ಐದನೆಯ ವಯಸ್ಸಿನಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಎಂಜಿನಿಯರು. 1950ರಲ್ಲಿ ಆತನಿಗೆ ಪೇಟೆಂಟು ದೊರೆಯಿತು. 1958ರ ಕ್ರೈಸ್ಲರ್ ಕಾರುಗಳಲ್ಲಿ ಅದು ಮಾರುಕಟ್ಟೆಗೆ ಬಂದಿತು. ಓಟದ ಹದ ತಪ್ಪುವುದನ್ನು ಕಾಣದೆಯೂ ಮೈಯಿಂದಲೇ ಅರಿಯಬಲ್ಲವನಿಗೆ ಇದು ಹೊಳೆದುದು ಸಹಜವೆಂದೇ ನನ್ನೆಣಿಕೆ.

ಯಂತ್ರಕ್ಕೆ ಮೊದಲು ವೇಗ ತಿಳಿಯಬೇಕು. ಹಳೆಯ ಗಾಡಿಗಳಲ್ಲಿ ಪ್ರೊಪೆಲ್ಲರ್ ಶಾಫ್ಟಿಗೆ ಅಯಸ್ಕಾಂತಗಳನ್ನು ಬಿಗಿದು, ಅವು ಸುತ್ತುವುದನ್ನು ಪಕ್ಕದ ಸುರುಳಿಯೊಂದು ಎಣಿಸುವಂತೆ ಮಾಡುತ್ತಾರೆ. ಅನಂತರ ಎಂಜಿನಿನ ವೇಗವನ್ನು ಹೆಚ್ಚಿಸುವ ಕೇಬಲ್ಲನ್ನು ಎಳೆಯಬೇಕು, ತೊಡಕಿರುವುದು ಇಲ್ಲಿಯೇ. ಪೆಟ್ರೋಲ್ ಎಂಜಿನು ಗಾಳಿಯನ್ನು ಹೀರುವಾಗ ಉಂಟಾಗುವ ನಿರ್ವಾತದಿಂದ ಕೇಬಲ್ಲನ್ನು ಎಳೆಯಬಹುದು. ಡೀಸೆಲ್ ಎಂಜಿನಿನಲ್ಲಿ ಅಂತಹ ನಿರ್ವಾತ ದೊರೆಯದು. ಬ್ರೇಕಿನ ನೆರವಿಗಾಗಿಯೇ ಇರುವ ಪಂಪಿನಿಂದ ಅದನ್ನು ಎರವಲು ಪಡೆದರೆ, ಜೋಡಣೆಯಲ್ಲಿನ ಕಿರುಸೋರಿಕೆಯೊಂದು ಬ್ರೇಕಿನ ಬಲವನ್ನೇ ಕುಗ್ಗಿಸೀತು. ವಿದ್ಯುತ್ ಮೋಟಾರಿನಿಂದ ಎಳೆಯುವ ಬಗೆಯೇ ಅಂತಹ ಗಾಡಿಗೆ ಲೇಸು. ವೇಗದ ಪೆಡಲಿನಿಂದ ಎಂಜಿನಿಗೆ ಕೇಬಲ್ಲಿಗೆ ಬದಲಾಗಿ ವಿದ್ಯುತ್ಸಂಕೇತವೇ ಹೋಗುವ ಹೊಸ ಗಾಡಿಗಳಲ್ಲಿ ಈ ಪರದಾಟವಿಲ್ಲ: ಪೆಡಲಿನ ಪ್ಲಗ್ಗು ಕಳಚಿ ನಡುವೆ ಪುಟ್ಟ ಪೆಟ್ಟಿಗೆಯೊಂದನ್ನು ಸೇರಿಸಿದರೆ ಕೆಲಸದ ಬಹುಭಾಗ ಮುಗಿದಂತೆ.

ಆದರೆ ಎಳೆಯುವುದಕ್ಕಿಂತ ಮಿಗಿಲಾಗಿ, ಬೇಕೆಂದ ಕ್ಷಣದಲ್ಲಿ ಬಿಟ್ಟುಕೊಡುವುದರಲ್ಲಿಯೇ ಈ ಯಂತ್ರದ ಯೋಗ್ಯತೆಯಿರುವುದು. ಬಲ್ಲ ಮೆಕ್ಯಾನಿಕ್ಕು ತನ್ನ ಹೆಚ್ಚಿನ ಹೊತ್ತನ್ನು ವ್ಯಯಿಸುವುದೂ ಅಲ್ಲಿಯೇ. ಬ್ರೇಕು ಒತ್ತಿದೊಡನೆ ಹಿಂದಿನ ದೀಪಕ್ಕೆ ಹರಿಯುವ ವಿದ್ಯುತ್ತೇ ಯಂತ್ರಕ್ಕೆ ಬಿಡುಗಡೆಯ ಸಂಕೇತ. ಒತ್ತದಿರುವಾಗ ಆ ದೀಪದ ತಂತಿ ಬಲ್ಬಿನ ತಂತುವಿನ ಮೂಲಕ ಗಾಡಿಯ ಒಡಲಿಗೆ ಕೂಡಿಕೊಂಡಿರುವುದನ್ನು ಹಲವು ಯಂತ್ರಗಳು ಸದಾ ಪರೀಕ್ಷಿಸುತ್ತಿರುತ್ತವೆ. ಅಂದಕ್ಕಾಗಿ ಬಲ್ಬು ತೆಗೆದು ಎಲ್‌ಇಡಿ ಹಾಕಿಸಿದವರ ಗಾಡಿಯಲ್ಲಿ ಆ ಸಂಪರ್ಕ ಸಿಗದೆ, ತಂತಿ ತುಂಡಾಗಿದೆಯೆಂದು ಬಗೆದ ಯಂತ್ರವು ಕೆಲಸಮಾಡಲೊಲ್ಲದು. ಒಡೆಯನಾದರೋ ಯಂತ್ರ ಕೆಟ್ಟಿತೆಂದು ಅಂಗಡಿಯವನನ್ನು ಶಪಿಸುತ್ತಾನೆ! ನಡುವೆ ರಿಲೇಯೊಂದನ್ನಿಟ್ಟರೆ ತೊಂದರೆ ತೀರಿತು. ಕ್ಲಚ್ಚಿರುವ ಗಾಡಿಗೆ ಆ ಪೆಡಲಿನಲ್ಲಿಯೂ ಸ್ವಿಚ್ಚು ಬೇಕೇ ಬೇಕು. ಇಲ್ಲವಾದರೆ ಕ್ಲಚ್ಚು ಒತ್ತಿದಾಗ ಭಾರ ಕಳೆದುಕೊಂಡ ಎಂಜಿನು ಆರ್ಭಟಿಸೀತು.

ಕಾಡುಮೇಡುಗಳಲ್ಲಿ ತಿರುಗುವ ಗಾಡಿಯದು ಮತ್ತೊಂದು ಚಿಂತೆ. ಬಂಡೆಗಳ ಮೇಲೆ ಏರಿಳಿಯುವಾಗ ಎಂಜಿನು ತನ್ನ ರಬ್ಬರಿನ ಆಧಾರಗಳ ಮೇಲೆ ಓಲಾಡುವುದರಿಂದ, ಬಿಗಿಯಾಗಿ ಕಟ್ಟಿದ ಕೇಬಲ್ಲು ಚಾಲಕನ ಇಚ್ಛೆಯಿಲ್ಲದೆಯೇ ವೇಗವನ್ನು ಹೆಚ್ಚಿಸಬಲ್ಲದು. ಅದಕ್ಕೆ ತುಸು ಸಡಿಲವಿರಬೇಕು. ಎಳೆಯುವ ಯಂತ್ರವನ್ನು ಹೊಳೆ ದಾಟುವಾಗಿನ ನೀರಿನ ಮಟ್ಟಕ್ಕಿಂತ ಮೇಲಿಡತಕ್ಕುದು. ಮರಳು, ಜಲ್ಲಿ, ಒದ್ದೆಯಾದ ನೆಲ, ಇವುಗಳಲ್ಲಿ ಇದರ ಬಳಕೆ ಸರ್ವಥಾ ಸಲ್ಲದು: ಮರಳಿನ ಇಲ್ಲವೆ ನೀರಿನ ತಡೆಯಿಂದ ಚಕ್ರ ನಿಧಾನಗೊಂಡರೆ, ಕಾರಣವರಿಯದ ಯಂತ್ರವು ಇನ್ನಷ್ಟು ಇಂಧನ ಕೊಟ್ಟು ಗಾಡಿಯನ್ನು ಜಾರಿಸಿಬಿಡಬಹುದು.

ಎಲ್ಲವೂ ಜೋಡಣೆಯಾದ ಮೇಲೆ ನಿರ್ಜನವಾದ ಡಾಂಬರುರಸ್ತೆಯಲ್ಲಿ ವೇಗವೊಂದನ್ನು ಗೊತ್ತುಮಾಡಿ ಓಡಿಸಿ ನೋಡುತ್ತಾರೆ. ಆಗ ಮೊದಲು ಗಮನಿಸಬೇಕಾದುದು ವೇಗ ಎಷ್ಟು ಸ್ಥಿರವಾಗಿ ನಿಂತಿತೆಂಬುದನ್ನಲ್ಲ, ಬ್ರೇಕಿನ ಪೆಡಲಿಗೆ ಪಾದ ಸೋಕಿ ದೀಪ ಹೊತ್ತಿದ ಮಾತ್ರಕ್ಕೇ ಎಳೆತ ತಪ್ಪಿತೇ ಎಂಬುದನ್ನು.