ಗ್ರಿಪ್ಸ್‌ಹೋಲ್ಮ್ ದುರ್ಗ

ಸ್ವೀಡನ್ ದೇಶದ ಮೆಲಾರೆನ್ ಸರೋವರದ ತೀರದಲ್ಲಿ ಮರಿಯೆಫ್ರೆಡ್ ಎಂಬ ಸಣ್ಣ ಪಟ್ಟಣವೂ ಅದರ ಮಗ್ಗುಲಲ್ಲಿ ಗ್ರಿಪ್ಸ್‌ಹೋಲ್ಮ್ ದುರ್ಗವೂ ಇವೆ. ೧೪ನೆಯ ಶತಮಾನದಲ್ಲಿ ಇಲ್ಲಿ ಮೊದಲ ಕೋಟೆಯನ್ನು ಕಟ್ಟಿಸಿದ ಬೂ ಯೂನ್‌ಸೋನ್ ಗ್ರಿಪ್ ಎಂಬ ಪ್ರಭುವಿನಿಂದ ದುರ್ಗಕ್ಕೆ ಈ ಹೆಸರು ಬಂದಿತು. ಈಗಿರುವ ಕಟ್ಟಡವನ್ನು ೧೫೩೭ರಲ್ಲಿ ಆರಂಭಿಸಿದವನು ಗುಸ್ತಾವ್ ವಾಸಾ ಅರಸನು. ಅವನು ವಶಪಡಿಸಿಕೊಂಡಿದ್ದ ಕ್ರೈಸ್ತಮಠವೊಂದರ ಕಲ್ಲು ಇಟ್ಟಿಗೆಗಳೂ ಇದಕ್ಕೆ ಒದಗಿದುವು.

ಶತ್ರುಗಳನ್ನು ತಡೆಯಲೆಂದು ಎದ್ದ ಈ ದಪ್ಪ ಗೋಡೆಗಳು ಮರುತಲೆಯಲ್ಲಿಯೇ ಅವನ ಮಕ್ಕಳಿಗೆ ಸೆರೆಮನೆಯಾದುವು. ೧೪ನೆಯ ಏರಿಕನು ತನ್ನ ಮಲತಮ್ಮನಾದ ಯೂಹಾನನನ್ನೂ ಆತನ ಪತ್ನಿ ಕತರೀನಳನ್ನೂ ೧೫೬೩ರಿಂದ ೧೫೬೭ರವರೆಗೆ ಇಲ್ಲಿ ಬಂಧಿಸಿಟ್ಟನು. ಮುಂದೆ ಪೋಲೆಂಡ್, ಸ್ವೀಡನ್ ಎರಡನ್ನೂ ಆಳಿದ ಸಿಗಿಸ್ಮಂಡನು ಅವರ ಮಗನಾಗಿ ೧೫೬೬ರಲ್ಲಿ ಈ ಸೆರೆಯಲ್ಲಿಯೇ ಹುಟ್ಟಿದನು. ೧೫೬೮ರಲ್ಲಿ ಏರಿಕನು ಪದಚ್ಯುತನಾಗಿ ಯೂಹಾನನು ಪಟ್ಟಕ್ಕೆ ಬಂದನು. ೧೫೭೧ರಿಂದ ೧೫೭೩ರವರೆಗೆ ಏರಿಕನೇ ಈ ದುರ್ಗದ ಸೆರೆಯಾಳಾಗಿದ್ದನು.

೧೮ನೆಯ ಶತಮಾನದಲ್ಲಿ ೩ನೆಯ ಗುಸ್ತಾವನು ಇಲ್ಲಿಯ ಗೋಪುರವೊಂದರೊಳಗೆ ನಾಟಕಶಾಲೆಯನ್ನು ಮಾಡಿಸಿದನು. ಅವನ ಮಗನಾದ ೪ನೆಯ ಗುಸ್ತಾವ್ ಅಡಾಲ್ಫನಾದರೋ, ೧೮೦೯ರ ಮಾರ್ಚ್ ೨೯ರಂದು, ಇಲ್ಲಿಯೇ ಬಂಧನದಲ್ಲಿದ್ದುಕೊಂಡು ರಾಜ್ಯತ್ಯಾಗ ಮಾಡಬೇಕಾಯಿತು.

೧೮೨೨ರಿಂದ ಸ್ವೀಡನ್ ರಾಷ್ಟ್ರದ ಭಾವಚಿತ್ರಸಂಗ್ರಹಕ್ಕೆ ದುರ್ಗವೇ ನೆಲೆಯಾಗಿದೆ. ಅರಸರನ್ನು ಸೆರೆಯಲ್ಲಿಟ್ಟ ಗೋಡೆಗಳು ಈಗ ಅರಸರ ಮುಖಗಳನ್ನು ಕಾಯುತ್ತಿವೆ. ಕಾಲಕಾಲಕ್ಕೆ ಹೊಸ ವಿನಿಯೋಗವು ದೊರೆತುದರಿಂದಲೇ ಈ ಕಟ್ಟಡವು ಹಾಳುಬೀಳದೆ ಉಳಿದುಬಂದಿತೆನ್ನಬಹುದು.